ರಾಜಿಯಾದ ಮೇಲೂ ಉಳಿಯುವ ಕೇಸು
(ಕುವೈತ್‌ನ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಕುಮಾರವ್ಯಾಸನೋ ವಚನವೋ ಇರುತ್ತದೆಂದು ಬಂದವರು ದಯವಿಟ್ಟು ಕ್ಷಮಿಸಬೇಕು. ನಾನು ಮಂಗಳೂರಿನಲ್ಲಿ ವಕೀಲಿ ಮಾಡುವವನು. ಕೊಲ್ಲಿ ದೇಶಗಳಿಂದ ಬರುವ ಫೋನುಗಳಲ್ಲಿ ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನೇ ಇವತ್ತಿನ ವಿಷಯ ಮಾಡಿಕೊಂಡಿದ್ದೇನೆ. "ಸಾರ್, ನಮ್ಮೊಳಗೆ ರಾಜಿ ಆಗಿದೆ. ಎರಡೂ ಮನೆಯವರು ಸಹಿ ಹಾಕಿದ್ದಾರೆ. ಡೈವೋರ್ಸೂ ಸಿಕ್ಕಿತು. ಇನ್ನು ಆ ಪೊಲೀಸ್ ಕೇಸು ತನ್ನಷ್ಟಕ್ಕೆ ಹೋಗ್ತದಲ್ಲ?"

ಹೋಗುವುದಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಗಂಡ ಹೆಂಡತಿ ಎದುರುಬದುರಾಗಿ ನಿಲ್ಲುತ್ತಾರೆ. ಅಲ್ಲಿ ಒಪ್ಪಿದರೆ ಅಲ್ಲಿಗೆ ಮುಗಿಯಿತು. ಆದರೆ ಠಾಣೆಯಲ್ಲಿ ಎಫ್‌ಐಆರ್ ಆದ ಮೇಲೆ ಆ ಪ್ರಕರಣದ ತಲೆಬರಹದಲ್ಲಿ ಹೆಂಡತಿಯ ಹೆಸರಿರುವುದಿಲ್ಲ. ಒಂದು ಕಡೆ ರಾಜ್ಯ ಸರ್ಕಾರ, ಇನ್ನೊಂದು ಕಡೆ ಗಂಡ, ಅತ್ತೆ, ಮಾವ, ನಾದಿನಿ. ದೂರು ಕೊಟ್ಟವಳು ಅಲ್ಲಿ ಒಬ್ಬ ಸಾಕ್ಷಿ ಮಾತ್ರ. ಸಾಕ್ಷಿ ಕೇಸನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ರಾಜಿಗೆ ಬರುವ ಅಪರಾಧಗಳು ಯಾವುವು ಎಂದು ಕಾನೂನೇ ಒಂದು ಪಟ್ಟಿ ಕೊಟ್ಟಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 320ನೇ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 359ನೇ ಕಲಮು. ಗಂಡ ಎರಡನೆಯ ಮದುವೆಯಾದರೆ ಏಳು ವರ್ಷದವರೆಗೆ ಶಿಕ್ಷೆ. ಆದರೂ ಕೋರ್ಟಿನ ಅನುಮತಿ ಪಡೆದು ಹೆಂಡತಿ ರಾಜಿಯಾಗಬಹುದು. 2019ರಲ್ಲಿ ತ್ರಿವಳಿ ತಲಾಖನ್ನು ಅಪರಾಧ ಮಾಡಿದ ಕಾನೂನಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ಅಲ್ಲಿಯೂ ಹೆಂಡತಿ ಬಯಸಿದರೆ ಮ್ಯಾಜಿಸ್ಟ್ರೇಟರು ತಮಗೆ ಸರಿ ಕಂಡ ಷರತ್ತು ಹಾಕಿ ರಾಜಿಗೆ ಒಪ್ಪಬಹುದು. ಆದರೆ ಗಂಡನ ಮನೆಯವರ ಕ್ರೌರ್ಯದ ಕಲಮು, ಎಲ್ಲರ ಬಾಯಲ್ಲಿ ಫೋರ್ ನೈಂಟಿ ಎಯ್ಟ್ ಎ ಆಗಿದ್ದು, ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆಯಲ್ಲ, ಅದಕ್ಕೂ ಶಿಕ್ಷೆ ಮೂರೇ ವರ್ಷ. ಅದು ಮಾತ್ರ ಪಟ್ಟಿಯಲ್ಲಿ ಇಲ್ಲ. ಅದರ ಜೊತೆಗೇ ಸೇರಿಸುವ ವರದಕ್ಷಿಣೆ ನಿಷೇಧ ಕಾಯ್ದೆಯ ಅಪರಾಧಗಳಿಗೂ ರಾಜಿ ಇಲ್ಲವೆಂದು 1961ರ ಆ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಏಳು ವರ್ಷದ ಅಪರಾಧಕ್ಕೆ ಊರಿನ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದಿದೆ, ಮೂರು ವರ್ಷದ ಈ ಅಪರಾಧಕ್ಕೆ ಹೈಕೋರ್ಟಿಗೆ ಹೋಗಬೇಕು. ಇದಕ್ಕೆ ತರ್ಕ ಹುಡುಕಿ ನಾನು ಸೋತಿದ್ದೇನೆ.

ಕ್ರೌರ್ಯದ ಆ ಕಲಮು ಬಂದದ್ದು 1983ರಲ್ಲಿ. ಸೀಮೆಎಣ್ಣೆ ಸ್ಟೌವ್ ಸಿಡಿದು ಸೊಸೆಯಂದಿರೇ ಸಾಯುತ್ತಿದ್ದ ಸುದ್ದಿಗಳ ಕಾಲ ಅದು. ಮಗಳನ್ನು ಕಳೆದುಕೊಂಡ ತಂದೆ ತಾಯಿಗೆ ದುಡ್ಡು ತೋರಿಸಿ ಬಾಯಿ ಮುಚ್ಚಿಸಬಾರದು ಎಂಬ ಎಚ್ಚರ ಆಗ ನ್ಯಾಯವಾಗಿಯೇ ಇತ್ತು. ಸಾವಿನ ಪ್ರಕರಣಕ್ಕೆ 1986ರಲ್ಲಿ ಬೇರೆ ಕಲಮೇ ಬಂತು. ಅದರಲ್ಲಿ ರಾಜಿ ಎಂಬ ಮಾತೇ ಕೂಡದು, ಅಲ್ಲಿ ನಾನೂ ರಾಜಿಯ ಪರ ಮಾತಾಡುತ್ತಿಲ್ಲ. ಆದರೆ ಬದುಕಿರುವ ಹೆಣ್ಣುಮಗಳು, ತನ್ನ ದಾರಿ ತಾನು ನೋಡಿಕೊಂಡ ಮೇಲೆ, ಇನ್ನು ನನಗೆ ಆ ಮನೆಯವರ ಮುಖ ನೋಡುವುದೇ ಬೇಡ ಎಂದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಸಂಸತ್ತು ಉತ್ತರ ಕೊಡಲಿಲ್ಲ, ನ್ಯಾಯಾಲಯ ಕೊಡಬೇಕಾಯಿತು.

2003ರ ಮಾರ್ಚ್ 13ರಂದು ಬಿ.ಎಸ್. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಸ್ಪಷ್ಟವಾಗಿ ಹೇಳಿತು: ರಾಜಿಯ ಪಟ್ಟಿಯಲ್ಲಿ ಇಲ್ಲದಿದ್ದರೇನಂತೆ, ಹೈಕೋರ್ಟಿಗೆ 482ನೇ ಕಲಮಿನ ಅಂತರ್ಗತ ಅಧಿಕಾರ ಇದೆ, ಅದನ್ನು ಬಳಸಿ ಎಫ್‌ಐಆರ್ ರದ್ದು ಮಾಡಬಹುದು. ಆ ಪ್ರಕರಣದಲ್ಲಿ ಹೆಂಡತಿಯೇ ಪ್ರಮಾಣಪತ್ರ ಸಲ್ಲಿಸಿ ಎಲ್ಲ ಇತ್ಯರ್ಥವಾಗಿದೆ ಎಂದಿದ್ದಳು. ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಕೆಳಗಿನ ಹೈಕೋರ್ಟ್ ನಿರಾಕರಿಸಿತ್ತು. ಮುಂದೆ ಇನ್ನೊಂದು ಪೀಠಕ್ಕೆ ಈ ತೀರ್ಪಿನ ಮೇಲೆ ಅನುಮಾನ ಬಂದು, ಮೂವರು ನ್ಯಾಯಮೂರ್ತಿಗಳ ಮುಂದೆ ಹೋಗಿ, 2012ರ ಸೆಪ್ಟೆಂಬರ್‌ನಲ್ಲಿ ಗ್ಯಾನ್ ಸಿಂಗ್ ತೀರ್ಪು ಬಂತು. ಕೊಲೆ, ಅತ್ಯಾಚಾರ, ದರೋಡೆಯಂಥವನ್ನು ಬಿಟ್ಟು, ದಾಂಪತ್ಯದಿಂದ ಹುಟ್ಟಿದ ಜಗಳಗಳಲ್ಲಿ ನಿಜವಾದ ರಾಜಿ ಆಗಿದ್ದರೆ ಹೈಕೋರ್ಟ್ ಪ್ರಕರಣ ರದ್ದುಪಡಿಸಬಹುದು ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಈಗ 482 ಹೋಗಿ 528 ಬಂದಿದೆ, ಅಧಿಕಾರ ಅದೇ.

ಜೋಶಿ ತೀರ್ಪು ಬಂದ 2003ರಲ್ಲೇ ಹುಬ್ಬಳ್ಳಿಯವರಾದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ ಕೇಂದ್ರಕ್ಕೆ ವರದಿ ಕೊಟ್ಟಿತು. ಕರ್ನಾಟಕ ಮತ್ತು ಕೇರಳ, ಎರಡೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ಅವರು. ಕ್ರೌರ್ಯದ ಕಲಮನ್ನು ಜಾಮೀನಿಗೂ ರಾಜಿಗೂ ಬರುವಂತೆ ಮಾಡಿ ಎಂದು ಸಮಿತಿ ಹೇಳಿತು. ಮಹಿಳಾ ಸಂಘಟನೆಗಳು ಕಟುವಾಗಿ ವಿರೋಧಿಸಿದವು. ಜಾಮೀನಿನ ಮಾತಿನಲ್ಲಿ ಅವರ ವಿರೋಧಕ್ಕೆ ಕಾರಣ ಇತ್ತು. ರಾಜಿಯ ಮಾತೂ ಅದರೊಟ್ಟಿಗೆ ಮೂಲೆ ಸೇರಿದ್ದು ನಷ್ಟ. 2011ರಲ್ಲಿ 237ನೇ ವರದಿ, 2012ರಲ್ಲಿ 243ನೇ ವರದಿ ಎಂದು ಕಾನೂನು ಆಯೋಗವೂ ಕೋರ್ಟಿನ ಅನುಮತಿಯ ಮೇರೆಗೆ ರಾಜಿ ಇರಲಿ ಎಂದಿತು. ಇಪ್ಪತ್ತು ವರ್ಷ ಕಳೆದು ಹೊಸ ಸಂಹಿತೆಗಳನ್ನು ಬರೆಯುವ ಅವಕಾಶ ಬಂದಾಗಲೂ ಕಲಮಿನ ಸಂಖ್ಯೆ ಬದಲಾಯಿತೇ ಹೊರತು ಬೀಗ ಬದಲಾಗಲಿಲ್ಲ.

ನಡುವೆ ಒಂದು ವರ್ಷ ಮಾತ್ರ ಈ ಬೀಗದ ಕೈ ಜಿಲ್ಲೆಗೆ ಬಂದಿತ್ತು. 2017ರ ಜುಲೈನಲ್ಲಿ ರಾಜೇಶ್ ಶರ್ಮಾ ತೀರ್ಪಿನಲ್ಲಿ, ರಾಜಿಯಾದರೆ ಜಿಲ್ಲಾ ನ್ಯಾಯಾಧೀಶರೇ ಕ್ರಿಮಿನಲ್ ಪ್ರಕರಣ ಮುಗಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪು ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳ ಮುಂದೆ ಇಡಬೇಕೆಂದೂ ಹೇಳಿತ್ತು; ಪೊಲೀಸರ ಕೆಲಸವನ್ನು ಊರ ಸಮಿತಿಗೆ ಕೊಟ್ಟಂತೆ. 2018ರ ಸೆಪ್ಟೆಂಬರ್ 14ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಸಮಿತಿಗಳನ್ನು ತೆಗೆದುಹಾಕಿತು. ಜೊತೆಗೆ, ರಾಜಿಯಾದವರು ಹೈಕೋರ್ಟಿಗೇ ಹೋಗಲಿ ಎಂದಿತು. ಮೊದಲನೆಯದು ಬೇಕಿತ್ತು. ಎರಡನೆಯದರಲ್ಲಿ ಕಾನೂನಿನ ಅಕ್ಷರ ಸರಿ ಇತ್ತು. ಬಸ್ಸಿನ ಟಿಕೆಟ್ಟಿನ ಖರ್ಚು ಯಾರದು ಎಂದು ಯಾರೂ ಕೇಳಲಿಲ್ಲ.

ಈ ಖರ್ಚು ತಪ್ಪಿಸಲು ನಮ್ಮ ಕೋರ್ಟುಗಳಲ್ಲಿ ಹುಟ್ಟಿಕೊಂಡ ಅಡ್ಡದಾರಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ರಾಜಿಪತ್ರ ಆಗುತ್ತದೆ. ಹೈಕೋರ್ಟ್ ದೂರ, ವಕೀಲರ ಫೀಸು ಬೇರೆ. ಆಗ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: "ಅಷ್ಟೆಲ್ಲ ಯಾಕೆ? ಅವಳು ಬಂದು ಸಾಕ್ಷಿ ಹೇಳುವಾಗ ಹಾಸ್ಟೈಲ್ ಆಗಲಿ, ಕೇಸು ಬೀಳ್ತದೆ." ಅಂದರೆ ಆಕೆ ಸಾಕ್ಷಿಕಟ್ಟೆಗೆ ಹತ್ತಿ, ಪ್ರಮಾಣ ಮಾಡಿ, ನನ್ನನ್ನು ಯಾರೂ ಹೊಡೆಯಲಿಲ್ಲ, ಬಂಗಾರ ಯಾರೂ ಕೇಳಲಿಲ್ಲ, ದೂರಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಪೊಲೀಸರು ಹೇಳಿದಲ್ಲಿ ಸಹಿ ಹಾಕಿದೆ ಎನ್ನಬೇಕು. ಸರ್ಕಾರಿ ಅಭಿಯೋಜಕರು ಪ್ರತಿಕೂಲ ಸಾಕ್ಷಿ ಎಂದು ಬರೆಸಿ ನಾಲ್ಕು ಪ್ರಶ್ನೆ ಹಾಕುತ್ತಾರೆ, ಆಕೆ ನಾಲ್ಕಕ್ಕೂ ಇಲ್ಲ ಎನ್ನುತ್ತಾಳೆ, ಆರೋಪಿಗಳ ಖುಲಾಸೆ. ಕೋರ್ಟಿನಲ್ಲಿ ಇದ್ದವರಿಗೆಲ್ಲ ಏನು ನಡೆಯುತ್ತಿದೆ ಎಂದು ಗೊತ್ತು.

ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಹೇಸಿಗೆ ತಂದ ನೋಟ ಇದು. ನಾಲ್ಕು ವರ್ಷ ಅನುಭವಿಸಿದ್ದನ್ನು ಹೆಣ್ಣುಮಗಳೊಬ್ಬಳು ತನ್ನ ಬಾಯಿಂದಲೇ ಸುಳ್ಳು ಮಾಡಬೇಕು, ಅದೂ ತನ್ನ ಜೀವನಾಂಶದ ಕೊನೆಯ ಕಂತು ಕೈಗೆ ಬರಬೇಕಾದರೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಹೀಗೆ ಬಿದ್ದ ಕೇಸು ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋದ ವಾರ್ಷಿಕ ಲೆಕ್ಕದಲ್ಲಿ ಖುಲಾಸೆಯ ಕಾಲಮಿಗೆ ಸೇರುತ್ತದೆ. ಆಮೇಲೆ ಟಿವಿ ಚರ್ಚೆಯಲ್ಲಿ ಯಾರೋ ಆ ಸಂಖ್ಯೆಯನ್ನು ಎತ್ತಿ ಹಿಡಿದು, ನೋಡಿ, ಇಷ್ಟೊಂದು ಸುಳ್ಳು ಕೇಸುಗಳು ಎನ್ನುತ್ತಾರೆ. ಹೈಕೋರ್ಟಿನಲ್ಲಿ ರದ್ದಾದರೆ ಹಾಗಲ್ಲ. ಅಲ್ಲಿ ದೂರು ಸುಳ್ಳೆಂದು ಆಕೆ ಹೇಳಬೇಕಿಲ್ಲ. ಇತ್ಯರ್ಥವಾಗಿದೆ, ಮುಂದುವರಿಸಲು ಇಷ್ಟವಿಲ್ಲ ಎಂದರೆ ಸಾಕು. ಆದದ್ದು ಆಗಿಯೇ ಉಳಿಯುತ್ತದೆ. ನನ್ನ ಬಳಿ ಬರುವ ಗಂಡಿನ ಕಡೆಯವರಿಗೆ ದುಬಾರಿಯಾದರೂ ಈ ದಾರಿಯನ್ನೇ ಹೇಳುವುದು ಇದಕ್ಕಾಗಿ.

ಇನ್ನು ಕುವೈತ್‌ಗೆ ಬರೋಣ. ಒಂದು ಸಂಸಾರವನ್ನು ಊಹಿಸಿಕೊಳ್ಳಿ, ಯಾರನ್ನೂ ಕುರಿತು ಹೇಳುತ್ತಿಲ್ಲ. ಗಂಡ ಕುಂದಾಪುರ ಕಡೆಯವನು, ಇಲ್ಲಿನ ಮಂಗಾಫ್‌ನಲ್ಲಿ ವಾಸ. ಹೆಂಡತಿ ಕಾಸರಗೋಡಿನ ಕುಂಬಳೆಯವಳು. 2024ರ ಜನವರಿಯಲ್ಲಿ ಕುಟುಂಬ ವೀಸಾ ಮತ್ತೆ ತೆರೆದಾಗ ಸಂಬಳದ ಮಿತಿ 800 ದಿನಾರ್ ಆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಆಕೆ ಸ್ವಲ್ಪ ಕಾಲ ಇಲ್ಲಿ, ಹೆಚ್ಚು ಕಾಲ ಅತ್ತೆ ಮನೆಯಲ್ಲಿ. ಜಗಳ ಹೆಚ್ಚಾಗಿ ತವರಿಗೆ ಹೋದಳು, ಕುಂಬಳೆ ಠಾಣೆಯಲ್ಲಿ ದೂರು ಕೊಟ್ಟಳು. ಕೊಡಬಹುದು: ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ತೀರ್ಪು ಹೇಳಿದೆ. ಮಂಗಾಫ್‌ನ ಫ್ಲಾಟಿನಲ್ಲಿ ನಡೆದ ಪೆಟ್ಟಿನ ವಿಚಾರಣೆಗೆ ಮಾತ್ರ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಬೋಟ್ಸ್ವಾನಾದಲ್ಲಿದ್ದ ದಂಪತಿಯ ಪ್ರಕರಣದಲ್ಲಿ, 2011ರ ತೋಟ ವೆಂಕಟೇಶ್ವರಲು ತೀರ್ಪು ಇದನ್ನು ವಿವರಿಸಿದೆ. ಊರಿನಲ್ಲಿ ನಡೆದದ್ದಕ್ಕೆ ಅಂಥ ಅನುಮತಿ ಬೇಡ.

ಗಂಡ ಇಲ್ಲಿದ್ದಾನೆ, ಸಮನ್ಸಿಗೆ ಹೋಗಲಿಲ್ಲ. ಜಾಮೀನುರಹಿತ ವಾರಂಟು ಆಗುತ್ತದೆ. ಅವನ ಭಾಗವನ್ನು ಬೇರ್ಪಡಿಸಿ, ಊರಿನಲ್ಲಿರುವ ಅಪ್ಪ ಅಮ್ಮನ ಮೇಲೆ ವಿಚಾರಣೆ ನಡೆಯುತ್ತದೆ. ಮಗ ದಿನಾರ್ ಕಳಿಸುತ್ತಾನೆ, ಎಪ್ಪತ್ತರ ತಾಯಿ ಕೋರ್ಟಿನ ಬೆಂಚಿನಲ್ಲಿ ಕೂರುತ್ತಾಳೆ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಾಗ ಅವನಿಗೂ ಬಿಸಿ ತಟ್ಟುತ್ತದೆ. ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದೆಂದು 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಕೋರ್ಟಿನ ಅನುಮತಿ ತಂದವರಿಗೆ 1993ರ ಅಧಿಸೂಚನೆಯಲ್ಲಿ ವಿನಾಯಿತಿ. ಪಾಸ್‌ಪೋರ್ಟ್ ಇಲ್ಲದೆ ಅಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇಲ್ಲ. ರಾಜಿಯ ಮಾತು ಬಹಳ ಸಲ ಶುರುವಾಗುವುದು ಇಲ್ಲಿಂದಲೇ; ಪಶ್ಚಾತ್ತಾಪದಿಂದ ಅಲ್ಲ. ಇರಲಿ, ಯಾವ ಕಾರಣಕ್ಕಾದರೂ ಶುರುವಾಗಲಿ.

ರಾಜಿಯಾಯಿತು ಎಂದುಕೊಳ್ಳಿ. ಕುಂಬಳೆಯ ಕೇಸು ರದ್ದಾಗಬೇಕಾದದ್ದು ಬೆಂಗಳೂರಿನಲ್ಲಲ್ಲ, ಎರ್ನಾಕುಳಂನ ಕೇರಳ ಹೈಕೋರ್ಟಿನಲ್ಲಿ. ಅಲ್ಲಿನ ವಾಡಿಕೆ ನನಗೆ ಹಿಡಿಸುತ್ತದೆ: ಸಾಮಾನ್ಯವಾಗಿ ಹೆಂಡತಿಯ ಪ್ರಮಾಣಪತ್ರ ಪಡೆದು, ಠಾಣೆಯವರಿಂದ ಆಕೆಯ ಹೇಳಿಕೆ ತರಿಸಿ, ರಾಜಿ ನಿಜವೆಂದು ಸರ್ಕಾರಿ ವಕೀಲರು ತಿಳಿಸಿದ ಮೇಲೆ ರದ್ದು ಮಾಡುತ್ತಾರೆ. ಆಕೆ ರೈಲು ಹತ್ತಬೇಕಿಲ್ಲ. ಕೇಸು ಉಡುಪಿಯಲ್ಲೋ ಪುತ್ತೂರಿನಲ್ಲೋ ಆಗಿದ್ದರೆ ಬೆಂಗಳೂರಿಗೆ ಘಾಟಿ ಹತ್ತಬೇಕು. ಅಲ್ಲಿ ಸಾಮಾನ್ಯವಾಗಿ ಇಬ್ಬರೂ ಹಾಜರಾಗಿ, ಗುರುತಿನ ಚೀಟಿ ತೋರಿಸಿ, ರಾಜಿ ಒಪ್ಪಿಗೆ ಎಂದು ಹೇಳುವುದು ರೂಢಿ. ಧಾರವಾಡಕ್ಕೆ, ಕಲಬುರಗಿಗೆ ಪೀಠ ಬಂತು, ಕರಾವಳಿಗೆ ಬರಲಿಲ್ಲ. ಈ ಮಾತು ಬಂದರೆ ಮಂಗಳೂರಿನ ವಕೀಲರು ನಿಲ್ಲಿಸುವುದಿಲ್ಲ, ಆದ್ದರಿಂದ ನಾನೇ ನಿಲ್ಲಿಸುತ್ತೇನೆ.

ಗಂಡ ಇಲ್ಲಿಂದಲೇ ಹಾಜರಾಗಬಹುದೇ? ಕೋವಿಡ್ ಕಾಲದಲ್ಲಿ, 2020ರಲ್ಲಿ, ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ನಿಯಮಗಳನ್ನು ತಂದಿತು. ಸಾಕ್ಷಿಯೋ ಪಕ್ಷಗಾರನೋ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯೇ ಆ ತುದಿಯ ಸಂಯೋಜಕರಾಗುವ ಏರ್ಪಾಡು ಅಂಥ ನಿಯಮಗಳಲ್ಲಿದೆ. ಮುಖ್ತಿಯಾರ್ ಪತ್ರ ಬರೆದು ದೂತಾವಾಸದಲ್ಲಿ ದೃಢೀಕರಿಸಿ ಅಣ್ಣನಿಗೋ ಅಪ್ಪನಿಗೋ ಕಳಿಸಿದರೆ ಕಾಗದ ಸಲ್ಲಿಸುವ ಕೆಲಸ ಆಗುತ್ತದೆ. ಆದರೆ ಮನಸ್ಸಿನ ಒಪ್ಪಿಗೆಯನ್ನು ಮುಖ್ತಿಯಾರರು ಹೇಳಲಾರರು; ನ್ಯಾಯಮೂರ್ತಿಗಳು ಕೇಳಿದಾಗ ನೀವೇ ಪರದೆಯ ಮೇಲೆ ಬರಬೇಕು.

ಎಲ್ಲ ಮುಗಿದು, ಆದೇಶದ ಪ್ರತಿ ಕೈಗೆ ಬಂದು, ಮೂರು ವರ್ಷದ ಮೇಲೆ ಊರಿಗೆ ಹೊರಟವನನ್ನು ವಿಮಾನ ನಿಲ್ದಾಣದಲ್ಲಿ ಬದಿಗೆ ಕೂರಿಸುವುದುಂಟು. ಕಾರಣ ಲುಕ್‌ಔಟ್ ಸರ್ಕ್ಯುಲರ್, ಅಂದರೆ ಬೇಕಾದವನು ಕಂಡರೆ ತಡೆದು ತಿಳಿಸಿ ಎಂಬ ಸುತ್ತೋಲೆ. ಇಲ್ಲಿ ಪ್ರಯಾಣ ನಿಷೇಧ ಇದ್ದರೆ ಕುವೈತ್ ಸರ್ಕಾರದ ಸಹೆಲ್ ಆ್ಯಪ್‌ನಲ್ಲೇ ನೋಡಿಕೊಳ್ಳುತ್ತೀರಿ. ನಮ್ಮಲ್ಲಿ ಲುಕ್‌ಔಟ್ ಇರುವುದು ಸಾಮಾನ್ಯವಾಗಿ ಗೊತ್ತಾಗುವುದೇ ಇಮಿಗ್ರೇಷನ್ ಕೌಂಟರಿನಲ್ಲಿ. 2010ರ ಸೂಚನೆಯಲ್ಲಿ ಅದಕ್ಕೆ ಒಂದು ವರ್ಷದ ಆಯುಷ್ಯ ಇತ್ತು. 2021ರ ಫೆಬ್ರವರಿಯಲ್ಲಿ ಗೃಹ ಸಚಿವಾಲಯ ಹೊರಡಿಸಿದ ಸೂಚನೆಯ ಪ್ರಕಾರ, ಅದನ್ನು ಹೊರಡಿಸಲು ಕೇಳಿದ ಕಚೇರಿಯೇ ತೆಗೆಯಿರಿ ಎಂದು ಬರೆಯುವ ತನಕ ಅದು ಜೀವಂತ. ಹೈಕೋರ್ಟಿನ ಆದೇಶ ತಾನಾಗಿ ಇಮಿಗ್ರೇಷನ್ ಬ್ಯೂರೋದ ಕಂಪ್ಯೂಟರಿಗೆ ಹೋಗುವುದಿಲ್ಲ. ದೃಢೀಕೃತ ಪ್ರತಿಯನ್ನು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಟ್ಟು ಕಡತ ಮುಗಿಸಿ, ವಾರಂಟು ವಾಪಸು ತರಿಸಿ, ಠಾಣೆಗೂ ಎಸ್‌ಪಿ ಕಚೇರಿಗೂ ಅರ್ಜಿ ಕೊಟ್ಟು, ಅಲ್ಲಿಂದ ಬ್ಯೂರೋಗೆ ಪತ್ರ ಹೋಯಿತೇ ಎಂದು ಕೇಳಿ, ಆ ಪತ್ರದ ನಕಲು ಹಿಡಿದು ಟಿಕೆಟ್ ಮಾಡಿಸಿ.

ರಾಜಿಪತ್ರದಲ್ಲಿ ಏನಿರಬೇಕು ಎಂಬುದರಲ್ಲಿ ಹಣದ ಸಮಯವೇ ಮುಖ್ಯ. ಗಂಡಿನ ಕಡೆಯವರು ಕೇಸು ರದ್ದಾದ ಮೇಲೆ ಕೊಡುತ್ತೇವೆ ಎನ್ನುತ್ತಾರೆ, ಹೆಣ್ಣಿನ ಕಡೆಯವರು ಮೊದಲು ಕೊಡಿ ಎನ್ನುತ್ತಾರೆ. ಇಬ್ಬರ ಭಯವೂ ನ್ಯಾಯವೇ. ವಿಚ್ಛೇದನದ ಅರ್ಜಿಗೆ ಒಂದು ಭಾಗ, ತೀರ್ಪಿಗೆ ಒಂದು ಭಾಗ, ಕೊನೆಯ ಭಾಗ ಹೈಕೋರ್ಟಿನಲ್ಲಿ ಡಿ.ಡಿ. ಮೂಲಕ, ನ್ಯಾಯಮೂರ್ತಿಗಳ ಎದುರಿನಲ್ಲೇ. ಒಮ್ಮೆ ರದ್ದಾದರೆ ಆಕೆಯ ಕೈಯಲ್ಲಿದ್ದ ಹಿಡಿತ ಹೋಯಿತು. ಬಾಕಿ ಹಣಕ್ಕೆ ಕುವೈತ್‌ನಲ್ಲಿರುವವನ ಬೆನ್ನು ಹತ್ತುವುದು ಸುಲಭವಲ್ಲ. ಮೊತ್ತ ಗೊತ್ತುಮಾಡುವಾಗ ದಿನಾರ್ ಸಂಬಳವನ್ನು ಮುಚ್ಚಿಡಬೇಡಿ. 2020ರ ರಜನೀಶ್ ತೀರ್ಪಿನ ಮೇಲೆ ಜೀವನಾಂಶದ ಪ್ರಕರಣಗಳಲ್ಲಿ ಆಸ್ತಿ ಆದಾಯದ ಪ್ರಮಾಣಪತ್ರ ಕಡ್ಡಾಯ. ಸ್ತ್ರೀಧನ ಆಕೆಯದೇ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಇಲ್ಲಿನ ಮುಬಾರಕಿಯಾ ಮಾರುಕಟ್ಟೆಯಲ್ಲಿ ಕೊಂಡ ಬಂಗಾರವಾದರೂ, ತವರಿನಲ್ಲಿ ಇಟ್ಟದ್ದಾದರೂ, ಆಕೆಗೆ ಕೊಟ್ಟದ್ದು ಆಕೆಗೇ. ಅದನ್ನು ಪರಿಹಾರದ ಲೆಕ್ಕದಲ್ಲಿ ಸೇರಿಸಿ ದೊಡ್ಡಸ್ತಿಕೆ ಮಾಡಬಾರದು. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡುವಂತೆಯೂ ಇಲ್ಲ. 2019ರಲ್ಲಿ ಗಣೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನು ಒಪ್ಪಲಿಲ್ಲ.

ಕುವೈತ್‌ನ ಠಾಣೆಯಲ್ಲಿ ದೂರಾಗಿದ್ದರೆ ಅದು ಪ್ರತ್ಯೇಕ ಕಥೆ. ಇಲ್ಲಿನ 1960ರ 17ನೇ ಕಾನೂನು ಹಲ್ಲೆಯಂಥ ಕೆಲವು ಅಪರಾಧಗಳಲ್ಲಿ ಪೆಟ್ಟು ತಿಂದವರು ಕ್ಷಮಿಸುವುದಕ್ಕೂ ರಾಜಿಯಾಗುವುದಕ್ಕೂ ಅವಕಾಶ ಕೊಡುತ್ತದೆ. ಹೆಂಡತಿ ತನಾಜುಲ್, ಅಂದರೆ ದೂರು ಬಿಟ್ಟುಕೊಟ್ಟ ಪತ್ರ, ಬರೆದುಕೊಟ್ಟರೆ ಆಗಿಹೋಗುತ್ತದೆ. ಕೌಟುಂಬಿಕ ನ್ಯಾಯಾಲಯದ 2015ರ ಕಾನೂನಿನಡಿ ಪ್ರತಿ ಗವರ್ನರೇಟಿನಲ್ಲೂ ಕೌಟುಂಬಿಕ ವಿವಾದಗಳ ಇತ್ಯರ್ಥ ಕೇಂದ್ರದ ಏರ್ಪಾಡಿದೆ, 2020ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಕಾನೂನೂ ಬಂದಿದೆ. ಹತ್ತಿರದ ಠಾಣೆಯಲ್ಲೇ ಮುಗಿಯುವುದು ಚೆಂದವಾಗಿ ಕಾಣುತ್ತದೆ. ಆದರೆ 22ನೇ ಆರ್ಟಿಕಲ್‌ನ ಕುಟುಂಬ ವೀಸಾದ ಮೇಲೆ ಬಂದವಳ ಅಕಾಮಾ ಗಂಡನ ಕೈಯಲ್ಲಿದೆ. ನಾಳೆ ರದ್ದು ಮಾಡಿ ಕಳಿಸುತ್ತೇನೆ ಎಂದರೆ ಆಕೆ ಯಾವ ಕಾಗದಕ್ಕೂ ಸಹಿ ಹಾಕುತ್ತಾಳೆ. ಇಲ್ಲಿ ಬರೆದ ತನಾಜುಲ್‌ನಿಂದ ಊರಿನ ಕೇಸು ಹೋಗುವುದಿಲ್ಲ, ಊರಿನ ಹೈಕೋರ್ಟಿನ ಆದೇಶದಿಂದ ಇಲ್ಲಿನದು ಹೋಗುವುದಿಲ್ಲ. ರಾಜಿಪತ್ರದಲ್ಲಿ ಎರಡೂ ದೇಶದ ಎಲ್ಲ ಪ್ರಕರಣಗಳ ಸಂಖ್ಯೆ ಬರೆಸಿ.

ಮಹಿಳಾ ಸಂಘಟನೆಗಳ ಆಕ್ಷೇಪಕ್ಕೆ ಆಧಾರವೂ ಇಂಥ ಬಲವಂತದ ಸಹಿಯೇ. ರಾಜಿಯನ್ನು ಸುಲಭ ಮಾಡಿದರೆ ಒತ್ತಡವೂ ಸುಲಭವಾಗುತ್ತದೆ ಎನ್ನುತ್ತಾರೆ ಅವರು. ನಿಜ. ಆದರೆ ಒತ್ತಡ ನಡೆಯುವುದು ಅಂಗಳದಲ್ಲಿ, ಹಿರಿಯರ ಪಂಚಾತಿಕೆಯಲ್ಲಿ, ವಾಟ್ಸಾಪ್ ಕರೆಯಲ್ಲಿ. ಮುನ್ನೂರೈವತ್ತು ಕಿಲೋಮೀಟರ್ ಆಚೆಯ ಹೈಕೋರ್ಟಿನಲ್ಲಿ, ದಿನಕ್ಕೆ ನೂರು ಕಡತ ನೋಡುವ ನ್ಯಾಯಮೂರ್ತಿಗಳ ಎದುರು ಒಂದು ನಿಮಿಷ ನಿಂತಾಗ ಅದು ಕಾಣುತ್ತದೆಯೇ? ಆಕೆಯನ್ನು ತಿಂಗಳಿಗೊಮ್ಮೆ ನೋಡುವ, ಆಕೆಯ ಭಾಷೆ ಬಲ್ಲ ಮ್ಯಾಜಿಸ್ಟ್ರೇಟರಿಗೆ ಕಾಣುವ ಸಾಧ್ಯತೆ ಹೆಚ್ಚು. ಆಂಧ್ರಪ್ರದೇಶ 2003ರಲ್ಲೇ ತನ್ನ ತಿದ್ದುಪಡಿಯಲ್ಲಿ ದಾರಿ ತೋರಿಸಿದೆ: ಕೋರ್ಟಿನ ಅನುಮತಿಯಿಂದ ರಾಜಿ ಆಗಬಹುದಿತ್ತು, ಆದರೆ ಕೇಳಿಕೊಂಡ ದಿನದಿಂದ ಮೂರು ತಿಂಗಳು ಕಳೆಯಬೇಕಿತ್ತು. ಮನಸ್ಸು ಬದಲಾದರೆ ಹಿಂದೆ ಸರಿಯಲು ಆಕೆಗೆ ಅಷ್ಟು ಕಾಲ. ಕರ್ನಾಟಕ ವಿಧಾನಮಂಡಲವೂ ಇಂಥ ತಿದ್ದುಪಡಿ ತರಬಹುದು, ಏಕೆಂದರೆ ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಗೀಕಾರ ಬೇಕಾಗುತ್ತದೆ ಅಷ್ಟೆ. ಮೂರು ತಿಂಗಳ ಜೊತೆಗೆ ನಾನು ಇನ್ನೆರಡು ಸೇರಿಸುತ್ತೇನೆ: ಮ್ಯಾಜಿಸ್ಟ್ರೇಟರು ಆಕೆಯೊಬ್ಬಳನ್ನೇ ಚೇಂಬರಿಗೆ ಕರೆದು ಕೇಳಬೇಕು, ಹಣ ಅದಕ್ಕೆ ಮೊದಲೇ ಕೋರ್ಟಿನಲ್ಲಿ ಠೇವಣಿ ಇರಬೇಕು.

ಅಂಥ ತಿದ್ದುಪಡಿ ಬರುವವರೆಗೆ ಇಲ್ಲಿನ ಕೂಟ ಸಂಘಗಳು ಏನು ಮಾಡಬಹುದು ಎಂದು ಈ ಸಭೆಯ ಅಧ್ಯಕ್ಷರು ಉಪನ್ಯಾಸಕ್ಕೆ ಮೊದಲೇ ಕೇಳಿದರು. ಪಂಚಾತಿಕೆಗೆ ಕೂರಬೇಡಿ ಎಂಬುದು ನನ್ನ ಮೊದಲ ವಿನಂತಿ. ಗಂಡನ ಗೆಳೆಯರೇ ಸಂಘದ ಪದಾಧಿಕಾರಿಗಳಾಗಿರುತ್ತಾರೆ. ಅದರ ಬದಲು, ಅರಬಿ ಬಲ್ಲ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿ ಇಡಿ. ಠಾಣೆಗೋ ದೂತಾವಾಸಕ್ಕೋ ಸಹಿಗೆ ಹೋಗುವವಳ ಜೊತೆ ಆಕೆ ಹೋಗಲಿ. ಗಂಡನ ಕಡೆಯವರನ್ನು ಹೊರಗೆ ಕೂರಿಸಿ, ಕಾಗದವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳಲಿ. ಬೇಡ ಎಂದರೆ, ಆಕೆಗೆ ಅವತ್ತು ರಾತ್ರಿ ಉಳಿಯಲು ಒಂದು ಮನೆ ಇರಲಿ.